ಮೇಜಿನ ಮೇಲಿನ ಅಣೆಕಟ್ಟು

ಅಣೆಕಟ್ಟುಗಳ ಸುರಕ್ಷತೆಗೆ ಸಂಬಂಧಿಸಿದ ಅಪಾಯ ವಿಶ್ಲೇಷಣೆ ನನ್ನ ವೃತ್ತಿ. ನಾನು ಕೆಲಸ ಮಾಡುವ ಸಲಹಾ ಸಂಸ್ಥೆಯ ಕಚೇರಿ ಬೇರೆ ಊರಿನಲ್ಲಿದೆ. ನಾನು ಲೆಕ್ಕ ಹಾಕುವ ಅಣೆಕಟ್ಟುಗಳು ಅದಕ್ಕಿಂತಲೂ ದೂರದಲ್ಲಿವೆ. ಕೆಲವು ನಮ್ಮ ರಾಜ್ಯದಲ್ಲಿ, ಕೆಲವು ಹೊರ ರಾಜ್ಯಗಳಲ್ಲಿ, ಒಂದೆರಡು ಸಮುದ್ರದಾಚೆಗೆ. ನಾನು ಮಾತ್ರ ಶಿವಮೊಗ್ಗದ ಮನೆಯ ಒಂದು ಕೋಣೆಯಲ್ಲಿ ಕುಳಿತು, ನಕ್ಷೆಗಳನ್ನೂ ಮಾಪನದ ದಾಖಲೆಗಳನ್ನೂ ಉಪಗ್ರಹ ಚಿತ್ರಗಳನ್ನೂ ಓದುತ್ತೇನೆ. ಈ ಕೆಲಸದ ಬಗ್ಗೆ ತಿಳಿದವರು ಮೊದಲು ಕೇಳುವ ಪ್ರಶ್ನೆ ಒಂದೇ: ಅಣೆಕಟ್ಟನ್ನು ಕಣ್ಣಾರೆ ನೋಡದೆ ಅದು ಎಷ್ಟು ಸುರಕ್ಷಿತ ಎಂದು ಹೇಗೆ ಹೇಳುತ್ತೀರಿ? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ದೂರದಿಂದ ಚೆನ್ನಾಗಿ ಕಾಣುವ ಸಂಗತಿಗಳೂ ಇವೆ, ದೂರದಿಂದ ಎಂದೂ ಕಾಣದ ಸಂಗತಿಗಳೂ ಇವೆ, ಮತ್ತು ಇವೆರಡನ್ನು ಬೇರೆ ಬೇರೆಯಾಗಿ ಗುರುತಿಸುವುದೇ ಈ ವೃತ್ತಿಯ ಮುಖ್ಯ ಹೊಣೆ ಎಂದು ನಾನು ನಂಬಿದ್ದೇನೆ.

ಕೆಲಸದ ಸ್ವರೂಪವನ್ನು ಮೊದಲು ಹೇಳಬೇಕು. ಒಂದು ಅಣೆಕಟ್ಟು ಯಾವ ಯಾವ ಬಗೆಯಲ್ಲಿ ಕೈಕೊಡಬಹುದು ಎಂಬುದನ್ನು ನಾವು ಒಂದೊಂದಾಗಿ ಬರೆದುಕೊಳ್ಳುತ್ತೇವೆ. ಮಣ್ಣಿನ ಏರಿಯನ್ನೇ ತೆಗೆದುಕೊಂಡರೆ, ಅದರ ಒಡಲಿನಲ್ಲಿ ನೀರು ದಾರಿ ಮಾಡಿಕೊಳ್ಳುವುದು, ಮಣ್ಣಿನ ಕಣಗಳನ್ನು ಹೊತ್ತೊಯ್ಯತೊಡಗುವುದು, ಅದನ್ನು ತಡೆಯಬೇಕಾದ ಮರಳಿನ ಶೋಧಕ ಪದರ ತಡೆಯದೆ ಹೋಗುವುದು, ಒಳಗಿನ ರಂಧ್ರ ದೊಡ್ಡದಾಗುವುದು, ಅದನ್ನು ಯಾರೂ ಸಕಾಲದಲ್ಲಿ ಗಮನಿಸದಿರುವುದು ಅಥವಾ ಗಮನಿಸಿದರೂ ತಡೆಯಲಾಗದಿರುವುದು, ಕೊನೆಗೆ ಏರಿ ಒಡೆಯುವುದು. ಈ ಪ್ರತಿಯೊಂದು ಹೆಜ್ಜೆಗೂ ಒಂದು ಸಂಭವನೀಯತೆಯನ್ನು ಕೊಡಬೇಕು. ಅಮೆರಿಕದಲ್ಲಿ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬ್ಯೂರೋ ಆಫ್ ರಿಕ್ಲಮೇಷನ್ ಬಳಕೆಗೆ ತಂದ ಪದ್ಧತಿಯಲ್ಲಿ ತಜ್ಞರು 'ಅಸಂಭವ' ಎಂದರೆ 0.1, 'ತೀರಾ ಅಸಂಭವ' ಎಂದರೆ 0.01, 'ಬಹುಮಟ್ಟಿಗೆ ಅಸಾಧ್ಯ' ಎಂದರೆ 0.001 ಎಂದು ಹಿಡಿಯಲಾಗುತ್ತದೆ. ಇವನ್ನೆಲ್ಲ ಗುಣಿಸಿದಾಗ ಒಂದು ವರ್ಷದಲ್ಲಿ ಆ ಅಣೆಕಟ್ಟು ವಿಫಲವಾಗುವ ಸಂಭವನೀಯತೆ ಸಿಗುತ್ತದೆ. ಅದು 10,000ದಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಅಪಾಯವನ್ನು ತಗ್ಗಿಸಲು ಕ್ರಮ ಕೈಗೊಳ್ಳಬೇಕು ಎಂಬುದು ಹಲವು ದೇಶಗಳು ಒಪ್ಪಿಕೊಂಡಿರುವ ಅಳತೆ.

10,000ದಲ್ಲಿ ಒಂದು ಎಂದರೆ ತೀರಾ ಚಿಕ್ಕ ಸಂಖ್ಯೆ ಎನಿಸುತ್ತದೆ. ಆದರೆ ನಮ್ಮ ದೇಶದಲ್ಲಿ 6,000ಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿವೆ. ಅವೆಲ್ಲವೂ ಸರಿಯಾಗಿ ಆ ಗೆರೆಯ ಮೇಲೆಯೇ ನಿಂತಿವೆ ಎಂದು ಭಾವಿಸಿದರೂ ಹತ್ತು ವರ್ಷಗಳಲ್ಲಿ ಸರಾಸರಿ ಆರು ಅಣೆಕಟ್ಟುಗಳು ಒಡೆಯಬೇಕಾಗುತ್ತದೆ. ಇದು ಬರಿಯ ಗಣಿತವಲ್ಲ. 2019ರ ಜುಲೈನಲ್ಲಿ ರತ್ನಗಿರಿ ಜಿಲ್ಲೆಯ ತಿವರೆ, 2021ರ ನವೆಂಬರ್‌ನಲ್ಲಿ ಆಂಧ್ರದ ಅನ್ನಮಯ್ಯ ಜಲಾಶಯ, 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ತೀಸ್ತಾ-3. ಇವೆಲ್ಲವೂ ನಾನು ಈ ಕಸುಬಿನಲ್ಲಿರುವಾಗಲೇ ಆದವು. ಪ್ರತಿಯೊಂದರ ಸುದ್ದಿ ಬಂದಾಗಲೂ ಆ ಅಣೆಕಟ್ಟಿನ ಕಡತ ಯಾರ ಮೇಜಿನ ಮೇಲಿತ್ತು, ಅದರಲ್ಲಿ ಏನು ಬರೆದಿತ್ತು ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ದೂರದಿಂದ ಚೆನ್ನಾಗಿ ಕಾಣುವುದಕ್ಕೆ ಅತ್ಯುತ್ತಮ ಸಾಕ್ಷಿ ಕ್ಯಾಲಿಫೋರ್ನಿಯಾದ ಆರೋವಿಲ್. 770 ಅಡಿ ಎತ್ತರದ, ಅಮೆರಿಕದಲ್ಲೇ ಅತಿ ಎತ್ತರದ ಆ ಅಣೆಕಟ್ಟಿನ ಕಾಂಕ್ರೀಟ್ ಕೋಡಿಗಾಲುವೆಯಲ್ಲಿ 2017ರ ಫೆಬ್ರವರಿ 7ರಂದು ದೊಡ್ಡ ಗುಂಡಿ ಬಿದ್ದಿತು. ಐದು ದಿನಗಳ ನಂತರ, ತುರ್ತು ಕೋಡಿಯ ಮೇಲೆ ಹರಿದ ನೀರು ಕೆಳಗಿನ ಗುಡ್ಡವನ್ನು ಕೊರೆಯತೊಡಗಿದಾಗ ಸುಮಾರು 1,88,000 ಜನರನ್ನು ಮನೆ ಬಿಡಿಸಬೇಕಾಯಿತು. ಆ ಅಣೆಕಟ್ಟಿಗೆ ಪರಿಶೀಲಕರ ಕೊರತೆಯಿರಲಿಲ್ಲ. ವರ್ಷ ವರ್ಷವೂ ಎಂಜಿನಿಯರುಗಳು ಅದರ ಮೇಲೆ ನಡೆದಾಡಿ ನೋಡಿದ್ದರು. ಆದರೆ ಕಾಲುವೆಯ ತಳದ ಕಾಂಕ್ರೀಟ್ ಚಪ್ಪಡಿ ಬಸಿಗೊಳವೆಗಳ ಮೇಲೆ ತೆಳ್ಳಗಿತ್ತು, ಅದರ ಕೆಳಗೆ ಕೆಲವೆಡೆ ಗಟ್ಟಿ ಬಂಡೆಯ ಬದಲು ಶಿಥಿಲಗೊಂಡ ಕಲ್ಲು ಇತ್ತು. ಈ ಸಂಗತಿಗಳು 1960ರ ದಶಕದ ವಿನ್ಯಾಸ ಮತ್ತು ನಿರ್ಮಾಣದ ಕಾಗದಗಳಲ್ಲಿದ್ದವು, ನಡೆದಾಡುವವರ ಕಣ್ಣಿಗೆ ಕಾಣುವಂತಿರಲಿಲ್ಲ. 2018ರ ಜನವರಿಯಲ್ಲಿ ಬಂದ ಸ್ವತಂತ್ರ ತನಿಖಾ ತಂಡದ ವರದಿ, ಸ್ಥಳ ಪರಿಶೀಲನೆ ಅಗತ್ಯವೇ ಹೌದಾದರೂ ಅದಷ್ಟೇ ಸಾಲದು ಎಂದು ಸ್ಪಷ್ಟವಾಗಿ ಹೇಳಿತು. ಹಳೆಯ ನಕ್ಷೆಗಳನ್ನು ಬಿಡುವಾಗಿ ಹರಡಿಕೊಂಡು, ಇದನ್ನು ಕಟ್ಟಿದವರು ಯಾವುದನ್ನು ಖಚಿತವೆಂದು ನಂಬಿದ್ದರು, ಆ ನಂಬಿಕೆ ಇಂದಿಗೂ ಸರಿಯೇ ಎಂದು ಹುಡುಕುವುದು ಮೇಜಿನ ಕೆಲಸ. ಅದನ್ನು ಮನೆಯಲ್ಲಿ ಕುಳಿತು ಮಾಡಲು ಯಾವ ಅಡ್ಡಿಯೂ ಇಲ್ಲ. ಕಚೇರಿಯ ಗದ್ದಲವಿಲ್ಲದ ಕಾರಣ ಇನ್ನೂ ಚೆನ್ನಾಗಿಯೇ ಮಾಡಬಹುದು.

ದೂರದಿಂದ ಕಾಣದಿರುವುದಕ್ಕೆ ಸಾಕ್ಷಿ ನಮ್ಮ ತುಂಗಭದ್ರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ, 60 ಅಡಿ ಅಗಲ 20 ಅಡಿ ಎತ್ತರದ ಆ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ಹೊರಬೀಳುತ್ತಿತ್ತು. ಉಳಿದ ಗೇಟುಗಳ ಮೇಲಿನ ಒತ್ತಡವನ್ನು ತಗ್ಗಿಸಲು ಅವನ್ನೂ ತೆರೆಯಬೇಕಾಯಿತು. ಆ ಕಿಂಡಿಗೆ ಹೊಂದುವ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ಇಳಿಸುವ ತಾತ್ಕಾಲಿಕ ತಡೆ, ಸಿದ್ಧವಾಗಿರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಉಕ್ಕಿನ ತುಂಡುಗಳನ್ನು ಸಿದ್ಧಪಡಿಸಿ, ನೀರು ಹರಿಯುತ್ತಿರುವಾಗಲೇ ಒಂದೊಂದಾಗಿ ಇಳಿಸಿ, ವಾರದೊಳಗೆ ಕಿಂಡಿಯನ್ನು ಮುಚ್ಚಿದರು. ಜಲಾಶಯ ಬರಿದಾಗುವವರೆಗೆ ಕಾಯದೆ ಮಾಡಿದ ಆ ಕೆಲಸವನ್ನು ನಾನು ತುಂಬು ಗೌರವದಿಂದ ನೆನೆಯುತ್ತೇನೆ. ಅಲ್ಲಿಗೆ ಹೋಗಿ ನೀರಿನ ಮೇಲೆ ತೂಗಾಡುತ್ತ ದುಡಿದ ಕಾರ್ಮಿಕರಿಲ್ಲದಿದ್ದರೆ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮತ್ತು ನೆರೆಯ ಆಂಧ್ರ, ತೆಲಂಗಾಣಗಳ ರೈತರ ಆ ವರ್ಷದ ಬೆಳೆ ಏನಾಗುತ್ತಿತ್ತೆಂದು ಊಹಿಸುವುದೂ ಕಷ್ಟ.

ವಿಶ್ಲೇಷಕಿಯಾಗಿ ನನಗೆ ಇಲ್ಲಿ ಎರಡು ವಿಷಯಗಳು ಕಾಣುತ್ತವೆ. ಮೊದಲನೆಯದಾಗಿ, ತುಂಗಭದ್ರಾ ಅಣೆಕಟ್ಟು ಒಡೆಯಲಿಲ್ಲ, ಯಾರ ಪ್ರಾಣವೂ ಹೋಗಲಿಲ್ಲ. ನಮ್ಮ ಪದ್ಧತಿಯ ಕಟ್ಟುನಿಟ್ಟಿನ ಅರ್ಥದಲ್ಲಿ ಅದು 'ವೈಫಲ್ಯ'ವೇ ಅಲ್ಲ. ಪ್ರಾಣಹಾನಿಯನ್ನಷ್ಟೇ ಎಣಿಸುವ ಲೆಕ್ಕದಲ್ಲಿ ನದಿಗೆ ಹರಿದುಹೋದ ಹತ್ತಾರು ಟಿಎಂಸಿ ನೀರಿಗೆ ಜಾಗವಿಲ್ಲ. ಒಂದು ಇಡೀ ಸೀಮೆಯ ಬದುಕು ಒಂದು ಜಲಾಶಯವನ್ನೇ ನೆಚ್ಚಿಕೊಂಡಿರುವ ನಮ್ಮ ನಾಡಿನಲ್ಲಿ ನೀರು ಕಳೆದುಕೊಳ್ಳುವುದನ್ನೂ ವೈಫಲ್ಯವೆಂದೇ ಎಣಿಸಬೇಕು. ಹೊರಗಿನಿಂದ ಬಂದ ಪದ್ಧತಿಯನ್ನು ಈ ಮಟ್ಟಿಗಾದರೂ ತಿದ್ದಿಕೊಳ್ಳದೆ ಬಳಸಬಾರದು. ಎರಡನೆಯದಾಗಿ, ಎಪ್ಪತ್ತು ವರ್ಷ ನೀರು, ಬಿಸಿಲು, ತುಕ್ಕುಗಳ ನಡುವೆ ದುಡಿದ ಒಂದು ಕೊಂಡಿಯ ಸ್ಥಿತಿ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಅಣೆಕಟ್ಟಿನ ಮೈ ಕೆಲವು ಮಿಲಿಮೀಟರ್ ಸರಿದರೆ ರಾಡಾರ್ ಉಪಗ್ರಹದ ಚಿತ್ರಗಳಿಂದ ನನ್ನ ಕೋಣೆಯಲ್ಲೇ ಕುಳಿತು ಪತ್ತೆ ಹಚ್ಚಬಹುದು. ಚೈನಿನ ಕೊಂಡಿ ಸವೆದದ್ದನ್ನು ಕೈಯಲ್ಲಿ ಹಿಡಿದು ಅಳೆದವರು ಮಾತ್ರ ಹೇಳಬಲ್ಲರು.

ಆದ್ದರಿಂದ ದೂರದ ವಿಶ್ಲೇಷಣೆಯಲ್ಲಿ ನಿಜವಾದ ಜಾಣ್ಮೆ ಬೇಕಾಗುವುದು ಲೆಕ್ಕದಲ್ಲಲ್ಲ, ಕೇಳುವುದರಲ್ಲಿ. ದಾಖಲೆ ಪುಸ್ತಕವನ್ನೇ ತೆಗೆದುಕೊಳ್ಳಿ. ಗ್ಯಾಲರಿಯಲ್ಲಿ, ಅಂದರೆ ಅಣೆಕಟ್ಟಿನ ಒಡಲೊಳಗಿನ ಸುರಂಗದಲ್ಲಿ, ಸೋರುವ ನೀರನ್ನು ವಿ ಆಕಾರದ ಕಚ್ಚಿನ ಮೂಲಕ ಹಾಯಿಸಿ ಪ್ರತಿದಿನ ಅಳೆದು ಬರೆಯುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಜಲಾಶಯದ ಮಟ್ಟ ಹತ್ತಾರು ಅಡಿ ಏರಿದ್ದರೂ ಸೋರಿಕೆಯ ಅಂಕಿ ಒಂದಿಷ್ಟೂ ಬದಲಾಗದೆ, ಒಂದೇ ಶಾಯಿಯಲ್ಲಿ, ಒಂದೇ ಓಟದ ಬರವಣಿಗೆಯಲ್ಲಿ ಇಳಿದುಬಂದಿದ್ದರೆ, ಆ ಪುಟ ಅಣೆಕಟ್ಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಗ್ಯಾಲರಿಯ ಮೆಟ್ಟಿಲು ಇಳಿಯಲು ದೀಪವಿಲ್ಲ, ಅಥವಾ ಜನವಿಲ್ಲ ಎಂಬುದನ್ನು ಹೇಳುತ್ತದೆ. ಇದಕ್ಕಾಗಿ ಬರೆದವರನ್ನು ದೂರುವ ಮನಸ್ಸು ನನಗಿಲ್ಲ. ನಾಲ್ಕು ಜನರ ಕೆಲಸವನ್ನು ಒಬ್ಬರೇ ಮಾಡುವ ಕಡೆ ಹೀಗಾಗುವುದು ಸಹಜ. ಆದರೆ ಆ ಅಂಕಿಗಳನ್ನು ಸ್ಕ್ಯಾನ್ ಮಾಡಿ, ಎಕ್ಸೆಲ್‌ಗೆ ಏರಿಸಿ, ಅಂದವಾದ ರೇಖಾಚಿತ್ರವಾಗಿಸಿದಾಗ ಅದೇ ಸಮರೇಖೆ 'ಸೋರಿಕೆ ಸ್ಥಿರವಾಗಿದೆ' ಎಂಬ ಸಮಾಧಾನದ ವಾಕ್ಯವಾಗಿ ವರದಿಯೊಳಗೆ ಸೇರಿಬಿಡುವ ಅಪಾಯವಿದೆ. ಹಾಗಾಗಿ ನಾನು ಎಕ್ಸೆಲ್ ಕಡತದ ಜೊತೆಗೆ ಕೈಬರಹದ ಪುಟಗಳ ಚಿತ್ರಗಳನ್ನೂ ಕಳುಹಿಸಬೇಕೆಂದು ಯಾವಾಗಲೂ ಕೇಳುತ್ತೇನೆ.

ಏರಿಯ ಬುಡದಲ್ಲಿ ಜಿನುಗುವ ನೀರಿನ ವಿಷಯವೂ ಹೀಗೆಯೇ. ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಜಿನುಗುವುದು ಸಹಜ. ಆ ನೀರು ತಿಳಿಯಾಗಿದ್ದು, ಪ್ರಮಾಣವೂ ಹೆಚ್ಚದಿದ್ದರೆ ಅವಸರಪಡಬೇಕಾಗಿಲ್ಲ; ಅದು ಮಣ್ಣನ್ನು ಹೊತ್ತು ತರುತ್ತಿದೆಯೇ ಎಂಬುದೇ ಪ್ರಶ್ನೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಇದು ತಿಳಿಯುವುದಿಲ್ಲ, ಡ್ರೋನ್ ವಿಡಿಯೋದಲ್ಲಿ ಇನ್ನೂ ತಿಳಿಯುವುದಿಲ್ಲ. ಅಲ್ಲಿರುವವರಿಗೆ ಒಂದು ಪಾರದರ್ಶಕ ಬಾಟಲಿಯಲ್ಲಿ ಆ ನೀರನ್ನು ಹಿಡಿದು, ಅಲುಗಾಡಿಸದೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತಳದ ಚಿತ್ರ ತೆಗೆದು ಕಳುಹಿಸಲು ಹೇಳುತ್ತೇನೆ. ತಳದಲ್ಲಿ ಕೆಸರು ಕೂತಿದ್ದರೆ ಅಂದೇ ಮೇಲಧಿಕಾರಿಗಳಿಗೆ ತಿಳಿಸಿ ಸ್ಥಳಕ್ಕೆ ಭೂತಾಂತ್ರಿಕ ತಜ್ಞರನ್ನು ಕರೆಸಬೇಕು; ಆ ಹಂತದ ನಂತರ ನನ್ನ ಕೋಣೆಯಿಂದ ಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ.

ವೈಫಲ್ಯದ ಬಗೆಗಳನ್ನು ಗುರುತಿಸುವ ಸಭೆಗಳು ಈಗ ಬಹುತೇಕ ವಿಡಿಯೋ ಮೂಲಕವೇ ನಡೆಯುತ್ತವೆ. ಮುಖ್ಯ ಎಂಜಿನಿಯರ್, ಅಧೀಕ್ಷಕ ಎಂಜಿನಿಯರ್, ಸಲಹೆಗಾರರು, ಪ್ರಾಧ್ಯಾಪಕರು ಪರದೆಯ ಮೇಲೆ ಚೌಕಗಳಲ್ಲಿ ಕೂತಿರುತ್ತಾರೆ. ಗೇಟು ಎತ್ತಿ ಇಳಿಸುವವರು ಆ ಚೌಕಗಳಲ್ಲಿ ಇರುವುದಿಲ್ಲ. ಇದ್ದರೂ ಕೋಣೆಯ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ, ಸಾಹೇಬರ ಮುಂದೆ ಬಾಯಿ ಬಿಡುವುದಿಲ್ಲ. ಎಂಜಿನಿಯರುಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ. ಹಿಂದೆ ಕೆರೆಯ ತೂಬು, ಕೋಡಿ, ಏರಿಗಳ ಗುಣವೆಲ್ಲ ತಿಳಿದಿದ್ದ ನೀರಗಂಟಿಯ ಹಾಗೆ, ಒಂದೇ ಅಣೆಕಟ್ಟಿನಲ್ಲಿ ಹತ್ತಾರು ಮಳೆಗಾಲಗಳನ್ನು ಕಂಡವರು ಈ ಗೇಟು ನಿರ್ವಾಹಕರು, ಅವರಲ್ಲಿ ಹಲವರು ದಿನಗೂಲಿಯವರು ಅಥವಾ ಗುತ್ತಿಗೆಯವರು. ಆದ್ದರಿಂದ ಸಭೆ ಮುಗಿದ ಮೇಲೆ, ಆಯಾ ವಿಭಾಗದ ಎಂಜಿನಿಯರರ ಒಪ್ಪಿಗೆ ಪಡೆದು, ಈ ನಿರ್ವಾಹಕರಿಗೆ ಬೇರೆಯಾಗಿ ಫೋನ್ ಮಾಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ನಮ್ಮ ರಾಜ್ಯದ ಒಂದು ಮಧ್ಯಮ ಗಾತ್ರದ ನೀರಾವರಿ ಅಣೆಕಟ್ಟಿನ ವಿಷಯದಲ್ಲಿ ಹೀಗೆ ಮಾತನಾಡುವಾಗ, ಪರಿಶೀಲನಾ ಪಟ್ಟಿಯಲ್ಲಿ 'ತೃಪ್ತಿಕರ' ಎಂದು ನಮೂದಾಗಿದ್ದ ಒಂದು ಗೇಟಿನ ಬಗ್ಗೆ ಹಿರಿಯ ನಿರ್ವಾಹಕರೊಬ್ಬರು ಹೇಳಿದರು: "ಎತ್ತೋದೇನೋ ಎತ್ತುತ್ತೆ ಮೇಡಂ. ಇಳಿಸುವಾಗ ಮಾತ್ರ ಎಡಗಡೆ ಮೊದ್ಲು ಕೂರುತ್ತೆ, ಬಲಗಡೆ ಆಮೇಲೆ. ನಾವು ನೋಡ್ಕೊಂಡು ನಿಧಾನಕ್ಕೆ ಇಳಿಸ್ತೀವಿ."

"ಇದನ್ನ ಎಲ್ಲಾದ್ರೂ ಬರೆದಿದ್ದೀರಾ ಅಣ್ಣಾ?" ಎಂದು ಕೇಳಿದೆ.

"ಬರೆಯೋಕೇನಿದೆ ಮೇಡಂ, ಇಲ್ಲಿ ಎಲ್ರಿಗೂ ಗೊತ್ತಿರೋದೇ ಅಲ್ವಾ."

ಗೇಟು ಓರೆಯಾಗಿ ಕೂರುತ್ತಿದೆ ಎಂದರೆ ಎರಡು ಬದಿಯ ಚೈನು ಅಥವಾ ಹಗ್ಗಗಳ ಎಳೆತ ಸಮವಾಗಿಲ್ಲ, ಇಲ್ಲವೇ ಒಂದು ಬದಿಯ ಗಾಲಿ ಬಿಗಿದಿದೆ. ಎರಡರಲ್ಲಿ ಯಾವುದೇ ಆಗಿದ್ದರೂ, ಒಂದು ಬದಿಗೆ ಹೆಚ್ಚು ಭಾರ ಬೀಳುತ್ತದೆ. ಪ್ರವಾಹದ ರಾತ್ರಿ, ವಿದ್ಯುತ್ ಹೋಗಿ, ಆ ಹಿರಿಯರು ರಜೆಯಲ್ಲಿದ್ದು, ಹೊಸಬರೊಬ್ಬರು ಅವಸರದಲ್ಲಿ ಅದನ್ನು ಚಲಾಯಿಸುವ ಸನ್ನಿವೇಶವನ್ನು, ವೈಫಲ್ಯದ ಹೆಜ್ಜೆಗಳನ್ನು ಕವಲು ಕವಲಾಗಿ ತೋರಿಸುವ ಘಟನಾವೃಕ್ಷಕ್ಕೆ ಸೇರಿಸಿದಾಗ ಆ ಗೇಟಿನ ಅಂಕಿ ಪೂರ್ತಿ ಬದಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಅವರು ಫೋನಿನಲ್ಲಿ ಯಾವ ಅಳುಕೂ ಇಲ್ಲದೆ ಹೇಳಿದರು. ಅವರ ಮೇಲಧಿಕಾರಿಗಳ ಜೊತೆಗೆ ನಾನು ಜೀಪಿನಿಂದ ಇಳಿದು ಬಂದು ಕೇಳಿದ್ದರೆ ಬಹುಶಃ ಹೇಳುತ್ತಿರಲಿಲ್ಲ. ದೂರದಲ್ಲಿರುವುದು ಕೆಲವೊಮ್ಮೆ ಹೀಗೂ ನೆರವಾಗುತ್ತದೆ.

ಅಣೆಕಟ್ಟಿನ ಕೆಳಗಿನ ಜನರ ಲೆಕ್ಕ ಇದಕ್ಕಿಂತಲೂ ಕಷ್ಟದ್ದು. ಅಣೆಕಟ್ಟು ಒಡೆದರೆ ನೀರು ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಆಳದಲ್ಲಿ ತಲುಪುತ್ತದೆ ಎಂಬುದನ್ನು ಹೆಕ್-ರಾಸ್ ತಂತ್ರಾಂಶ ತಕ್ಕಮಟ್ಟಿಗೆ ತೋರಿಸುತ್ತದೆ. ಪ್ರಾಣಹಾನಿಯ ಅಂದಾಜಿಗೆ ಅಮೆರಿಕದ ವೇಯ್ನ್ ಗ್ರಹಾಂ 1999ರಲ್ಲಿ ರೂಪಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಮಧ್ಯಮ ತೀವ್ರತೆಯ ಪ್ರವಾಹದಲ್ಲಿ ಮುನ್ಸೂಚನೆಯೇ ಇಲ್ಲದಿದ್ದರೆ ಸಿಕ್ಕಿಕೊಂಡವರಲ್ಲಿ ಸುಮಾರು 100ಕ್ಕೆ 15 ಮಂದಿ ಸಾಯುತ್ತಾರೆ. ಒಂದು ಗಂಟೆಗೂ ಮೊದಲೇ ಸ್ಪಷ್ಟವಾದ ಸೂಚನೆ ಸಿಕ್ಕಿದ್ದರೆ ಅದು 100ಕ್ಕೆ ಒಂದಕ್ಕೆ ಇಳಿಯುತ್ತದೆ. ಕಾಂಕ್ರೀಟಿಗೆ ಕೋಟ್ಯಂತರ ರೂಪಾಯಿ ಸುರಿದರೂ ಸಿಗದಷ್ಟು ರಕ್ಷಣೆ ಒಂದು ಗಂಟೆಯ ಖಚಿತ ಸುದ್ದಿಯಲ್ಲಿದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಅಣೆಕಟ್ಟಿಗೆ ವಿನ್ಯಾಸದ ಎರಡು ಪಟ್ಟಿಗೂ ಹೆಚ್ಚು ಪ್ರವಾಹ ಬಂದು, ಮಣ್ಣಿನ ಏರಿಗಳ ಮೇಲೆ ನೀರು ಹರಿದು ಅವು ಕೊಚ್ಚಿಹೋದಾಗ, ಕೆಳಗಿನ ಮೊರ್ಬಿ ಪಟ್ಟಣಕ್ಕೆ ಸಕಾಲದಲ್ಲಿ ಸುದ್ದಿ ಮುಟ್ಟಲಿಲ್ಲ. ಸಾವಿರಾರು ಜನ ಸತ್ತರು.

ನನ್ನ ಮಾದರಿಗೆ ಜನಸಂಖ್ಯೆ ಬರುವುದು 2011ರ ಜನಗಣತಿಯಿಂದ, ಅಂದರೆ ರಾತ್ರಿ ಮನೆಯಲ್ಲಿ ಮಲಗಿರುವವರ ಎಣಿಕೆಯಿಂದ. ನದಿಯಲ್ಲಿ ಇರುವವರು ಅದರಲ್ಲಿ ಇಲ್ಲ. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಮರಳು ತೆಗೆಯುವವರು, ದನ ಮೇಯಿಸುವವರು, ಹರಿಗೋಲಿನವರು, ಜಾತ್ರೆಯ ದಿನ ಪುಣ್ಯಸ್ನಾನಕ್ಕೆ ಇಳಿದ ಸಾವಿರಾರು ಭಕ್ತರು, ಇವರಲ್ಲಿ ಒಬ್ಬರೂ ಇಲ್ಲ. ಇನ್ನೊಂದು ಸಂಗತಿಯಂತೂ ಯಾವ ವಿದೇಶಿ ಕೈಪಿಡಿಯಲ್ಲೂ ನನಗೆ ಸಿಕ್ಕಿಲ್ಲ: ಜಲಾಶಯದಿಂದ ನೀರು ಬಿಡುತ್ತಾರೆಂಬ ಸುದ್ದಿ ಬಂದ ಕೂಡಲೇ ನಮ್ಮ ನದಿ ದಡದ ರೈತರು ಪಂಪ್‌ಸೆಟ್ ಎತ್ತಿಟ್ಟುಕೊಳ್ಳಲು ನದಿಯ ಕಡೆಗೇ ಓಡುತ್ತಾರೆ. ಎಚ್ಚರಿಕೆಯ ಸೈರನ್ ಕೂಗಿದರೆ ಎಲ್ಲರೂ ನದಿಯಿಂದ ದೂರ ಹೋಗುತ್ತಾರೆ ಎಂದು ಮಾದರಿ ನಂಬಿರುತ್ತದೆ. ವಾಸ್ತವದಲ್ಲಿ ಮೊದಲ ಅರ್ಧ ಗಂಟೆ ಕೆಲವರು ಎದುರು ದಿಕ್ಕಿನಲ್ಲಿ ಹೋಗುತ್ತಾರೆ. ಒಂದು ಮೋಟರಿನ ಬೆಲೆ ಏನೆಂದು ತಿಳಿದವರು ಇದನ್ನು ಅವಿವೇಕ ಎನ್ನಲಾರರು. ಲೆಕ್ಕದಲ್ಲಿ ಇದಕ್ಕೂ ಜಾಗ ಇರಬೇಕು, ಮತ್ತು ಪ್ರವಾಹದ ಋತುವಿನಲ್ಲಿ ಪಂಪುಗಳನ್ನು ಮೊದಲೇ ಮೇಲಕ್ಕೆ ಸಾಗಿಸುವ ಏರ್ಪಾಡು ತುರ್ತು ಕ್ರಿಯಾಯೋಜನೆಯಲ್ಲಿ ಇರಬೇಕು.

ಮಾದರಿಯ ಫಲಿತಾಂಶವನ್ನು ಹೇಳುವ ಭಾಷೆಯ ಬಗ್ಗೆಯೂ ನಾನು ಪಟ್ಟು ಹಿಡಿಯುತ್ತೇನೆ. 'ಸಮುದ್ರ ಮಟ್ಟದಿಂದ ಇಷ್ಟು ಮೀಟರ್' ಎಂಬುದು ನದಿ ದಡದವರಿಗೆ ಏನನ್ನೂ ತಿಳಿಸುವುದಿಲ್ಲ. ನಮ್ಮ ಶಿವಮೊಗ್ಗದಲ್ಲಿ ತುಂಗೆ ಎಷ್ಟು ತುಂಬಿದ್ದಾಳೆ ಎಂಬುದನ್ನು ಜನ ಅಳೆಯುವುದು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪದಿಂದ, ಹಂಪಿಯಲ್ಲಿ ಪುರಂದರ ಮಂಟಪದಿಂದ, ಕಂಪ್ಲಿಯಲ್ಲಿ ಸೇತುವೆಯಿಂದ. ಪ್ರತಿ ಊರಿಗೂ ಇಂಥದೊಂದು ಗುರುತು ಇರುತ್ತದೆ. ಅದು ಯಾವುದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೋ ದೇವಸ್ಥಾನದ ಅರ್ಚಕರಿಗೋ ಫೋನ್ ಮಾಡಿ ಕೇಳಿ, 'ಮಂಟಪ ಮುಳುಗಿ ಅದರ ಮೇಲೆ ಇಷ್ಟು ಅಡಿ' ಎಂದು ನಕ್ಷೆಯ ಮೇಲೆ ಬರೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹಿಂದಿನ ದಾಖಲೆಗಳನ್ನು ನೆಚ್ಚಿ ಮುಂದಿನದನ್ನು ಹೇಳುವುದರಲ್ಲಿಯೂ ಎಚ್ಚರ ಬೇಕು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆದರೆ ಅದರ ಮುಂದಿನ ಕೋಡಿಗೆ ಇನ್ನೊಂದು ತಲೆಮಾರು ಕಾಯಬೇಕಾಗಲಿಲ್ಲ. 2025ರ ಜನವರಿಯಲ್ಲೇ ಅದು ಮತ್ತೆ ತುಂಬಿ ಹರಿಯಿತು. ಅಷ್ಟರಲ್ಲಾಗಲೇ ಭದ್ರೆಯ ನೀರು ಕಾಲುವೆಯ ಮೂಲಕ ಆ ಜಲಾಶಯಕ್ಕೆ ಬರತೊಡಗಿತ್ತು. ಹಿರಿಯೂರಿನವರ ಪಾಲಿಗೆ ಅದು ಹಬ್ಬ, ನನಗೂ ಸಂತೋಷವೇ. ಆದರೂ, ಕಾಗದದ ಮೇಲೆ ಶತಮಾನಕ್ಕೊಮ್ಮೆ ಬರುವ ಘಟನೆಯೊಂದು ಒಂದು ಕಾಲುವೆಯಿಂದ ಹೀಗೆ ಬದಲಾಗಬಹುದಾದರೆ, ನೂರು ವರ್ಷಗಳ ಅಂಕಿಗಳಿಗೆ ಒಂದು ವಕ್ರರೇಖೆ ಹೊಂದಿಸಿ ಮುಂದಿನ ಸಂಭವನೀಯತೆಯನ್ನು ಓದುವಾಗ, ನದಿಯ ಮೇಲ್ಭಾಗದಲ್ಲಿ ಏನೇನು ಕಟ್ಟಿದ್ದಾರೆ ಎಂದು ಮೊದಲು ವಿಚಾರಿಸಲೇಬೇಕು.

ಈ ಮಾತುಗಳನ್ನು ಈಗ ಬರೆಯಲು ಒಂದು ಕಾರಣವಿದೆ. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಂದು ಜಾರಿಗೆ ಬಂದಿತು. ಮುಂಗಾರಿನ ಮೊದಲು ಮತ್ತು ನಂತರದ ಪರಿಶೀಲನೆಯನ್ನು ಅದು ಕಡ್ಡಾಯ ಮಾಡಿದೆ. ಅಪಾಯ ಮೌಲ್ಯಮಾಪನ, ತುರ್ತು ಕ್ರಿಯಾಯೋಜನೆಗಳನ್ನು ಸಿದ್ಧಪಡಿಸಲು ಹಳೆಯ ಅಣೆಕಟ್ಟುಗಳ ಒಡೆತನದವರಿಗೆ ಐದು ವರ್ಷಗಳ ಅವಧಿ ಕೊಟ್ಟಿದೆ. ಕಾಯ್ದೆ ಒಳ್ಳೆಯದು, ಬಹಳ ತಡವಾಗಿ ಬಂದದ್ದು. ಆದರೆ ಸಾವಿರಾರು ಅಣೆಕಟ್ಟುಗಳ ಮೌಲ್ಯಮಾಪನವನ್ನು ಒಂದು ಗಡುವಿನೊಳಗೆ ಮುಗಿಸಬೇಕಾದಾಗ ಅದರ ಬಹುಪಾಲು ನನ್ನಂಥವರ ಮೇಜಿನ ಮೇಲೆಯೇ ಆಗುತ್ತದೆ, ಮತ್ತು ಮೇಜಿನ ಮೇಲೆ ಯಾವ ಖಾಲಿ ಜಾಗವನ್ನಾದರೂ ಒಂದು ಅಂದಾಜಿನಿಂದ ತುಂಬಿಬಿಡುವುದು ಸುಲಭ. ಅದಕ್ಕಾಗಿ ನನ್ನ ವರದಿಗಳಲ್ಲಿ ಪ್ರತಿ ಸಂಭವನೀಯತೆಯ ಪಕ್ಕದಲ್ಲೂ ಒಂದು ಕಲಂ ಇಟ್ಟಿದ್ದೇನೆ: ಇದನ್ನು ಯಾರು ಕಂಡು ಹೇಳಿದರು, ಯಾವಾಗ ಕಂಡರು, ಅಥವಾ ಯಾರೂ ಕಂಡಿಲ್ಲವೇ. ಯಾರೂ ಕಾಣದ ಸಾಲುಗಳನ್ನು ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿ, ಮುಂಗಾರು ಪೂರ್ವದ ಪರಿಶೀಲನೆಗೆ ಹೋಗುವ ತಂಡದ ಕೈಗೆ ಕೊಡಲು ಕೋರುತ್ತೇನೆ. ಆ ಹಾಳೆ ತುಂಬಿ ಮರಳಿ ಬರುವಾಗ ಅದರ ಕೆಳಗೆ ಎಂಜಿನಿಯರರ ಸಹಿಯ ಜೊತೆಗೆ ಗೇಟು ನಿರ್ವಾಹಕರ ಸಹಿಯೂ ಇರಬೇಕೆಂದು ಕೇಳಿದ್ದೇನೆ. ಕೆಲವು ಕಚೇರಿಗಳು ಒಪ್ಪಿವೆ. ಉಳಿದವರೊಂದಿಗೆ ಪತ್ರವ್ಯವಹಾರ ನಡೆದಿದೆ.